ಯಾರೂ ಒಯ್ಯದ ಗುಳ್ಳ

ಮಟ್ಟುಗುಳ್ಳದಂಥ ದುಬಾರಿ ಬದನೆ ಪುಕ್ಕಟೆ ಸಿಕ್ಕಿದರೆ ಉಡುಪಿಯವರಿಗೆ ಸಂಶಯ ಬರಬೇಕು. ನನಗೆ ಬರಲಿಲ್ಲ. ಕಳೆದ ವಾರ ಶಾರದಾ ಟೀಚರ್ (ನಿಜ ಹೆಸರಲ್ಲ) ಒಂದು ಚೀಲ ಗುಳ್ಳ ತಂದು ನಮ್ಮ ಜಗಲಿಯಲ್ಲಿಟ್ಟಾಗ ಬಾಯಲ್ಲಿ ನೀರೂರಿತು, ಅಷ್ಟೆ. ನನ್ನ ಹಳೆಯ ಗೆಳತಿ. ಕಾಪು ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ.

"ನಿನಗೆ ಬೇಡವಾ?"

"ಒಂಬತ್ತನೇ ಕ್ಲಾಸಿನ ಹುಡುಗಿ ತಂದದ್ದು. ಮಟ್ಟುವಿನಲ್ಲಿ ಅವಳ ಮಾವನ ಗದ್ದೆ ಉಂಟು. ಹೋದ ವರ್ಷ ತಂದಾಗ ಸ್ಟಾಫ್‌ರೂಮಿನಲ್ಲಿ ಕಿತ್ತಾಟ. ಈ ಸಲ ಯಾರೂ ಮುಟ್ಟಲಿಲ್ಲ ಮಾರಾಯ್ತಿ." ಸ್ವರ ತಗ್ಗಿಸಿದಳು. "ಯಾರಿಗೂ ಹೇಳ್ಬೇಡ. ಅವಳಿಗೆ ಎಚ್ಐವಿ ಉಂಟಂತೆ. ಹುಟ್ಟುವಾಗಲೇ ಅಮ್ಮನಿಂದ ಬಂದದ್ದು."

(ಯಾರಿಗೂ ಹೇಳ್ಬೇಡ ಎನ್ನುತ್ತಲೇ ಇಡೀ ಸ್ಟಾಫ್‌ರೂಮಿಗೆ ಹೇಳಿಯಾಗಿತ್ತು.)

"ಅಲ್ಲ, ಗುಳ್ಳದಲ್ಲಿ ಎಚ್ಐವಿ ಬರ್ತದಾ?"

"ಛೆ, ಇಲ್ಲ. ಆ ಪಾಠ ಮಾಡುವವಳೇ ನಾನಲ್ವಾ? ಮುಟ್ಟಿದರೆ, ಒಟ್ಟಿಗೆ ಉಂಡರೆ ಬರುವುದಿಲ್ಲ ಅಂತ ಬೋರ್ಡಿನಲ್ಲಿ ಬರೀತೇನೆ. ಆದರೂ ಮನಸ್ಸು ಕೇಳ್ಬೇಕಲ್ಲ. ಮನೆಯಲ್ಲಿ ಸಣ್ಣ ಮಗು ಉಂಟು."

ಹಾಗಾದರೆ ನನ್ನ ಮನೆಯಲ್ಲಿರುವವರು ಎಂತ, ಕಲ್ಲುಗಳಾ? ಸಿಟ್ಟು ನೆತ್ತಿಗೇರಿತು. (ಚೀಲ ಮಾತ್ರ ವಾಪಸ್ ಕೊಡಲಿಲ್ಲ. ಗುಳ್ಳ ಮಾಡಿದ ತಪ್ಪೇನು?) ತೆಂಗಿನಕಾಯಿ ಹಾಕದೆ ಬೋಳು ಹುಳಿ ಮಾಡಿದೆ. ಮನೆಮಂದಿಯೆಲ್ಲ ಬಾಯಿ ಚಪ್ಪರಿಸಿ ಉಂಡರು.

ಮರುದಿನ ಗೆಳತಿಯ ಫೋನ್.

"ನೀನು ಗುಳ್ಳದಲ್ಲಿ ಎಂತ ಮಾಡಿದ್ದು? ಆ ಹುಡುಗಿ ಎಲ್ಲರೆದುರು 'ಟೀಚರ್, ಗುಳ್ಳ ಹೇಗಿತ್ತು' ಅಂತ ಕೇಳಿದಳು. ಒಳ್ಳೇದಿತ್ತು ಅಂದೆ. 'ಎಂತ ಮಾಡಿದ್ರಿ?' ಅಂದಳು. ಅಷ್ಟರಲ್ಲಿ ಬೆಲ್ ಆಯ್ತು, ಬಚಾವ್. ನಾಳೆ ಪುನಃ ಕೇಳ್ತಾಳೆ."

ಅಬ್ಬಾ! ನನ್ನ ಅಡುಗೆ ಈ ಟೀಚರಿಗೆ ಬೇಕಾದದ್ದು ಸುಳ್ಳು ಹೇಳಲಿಕ್ಕೆ.

"ಬೋಳು ಹುಳಿ. ಫ್ರಿಜ್ಜಿನಲ್ಲಿ ಇನ್ನೂ ಉಂಟು. ಬಾ, ಒಂದು ತುತ್ತು ಉಂಡು ಹೋಗಿ ನಿಜವನ್ನೇ ಹೇಳು."

"ಇವತ್ತು ಏಕಾದಶಿ ಅಲ್ವಾ..."

ಕ್ಯಾಲೆಂಡರ್ ನೋಡಿದೆ. ಏಕಾದಶಿ ಯಾವಾಗಲೋ ಮುಗಿದಿತ್ತು.

ಹೋದ ವರ್ಷ ಆ ಹುಡುಗಿ ಹೀಗೆಲ್ಲ ವಿಚಾರಿಸಿರಲಿಲ್ಲವಂತೆ. ಈ ವರ್ಷ ಯಾಕೆ? ಪಕ್ಕದಲ್ಲಿ ಕೂರುತ್ತಿದ್ದವರು ಒಬ್ಬೊಬ್ಬರಾಗಿ ಬೇರೆ ಬೆಂಚಿಗೆ ಹೋಗಿದ್ದಾರಂತೆ. ತನ್ನ ಕೈಯಿಂದ ಕೊಟ್ಟದ್ದನ್ನು ಆ ಶಾಲೆಯಲ್ಲಿ ಒಬ್ಬರಾದರೂ ತಿಂದರಾ? ಅವಳಿಗೆ ತಿಳಿಯಬೇಕಾದದ್ದು ಅಷ್ಟೇ.

"ಅವಳಿಗೆ ಎಂತದೂ ಗೊತ್ತಾಗ್ಬಾರ್ದು, ಪಾಪ" ಎಂದು ಗೆಳತಿ ಫೋನಿಟ್ಟಳು.

ಗೊತ್ತಾಗದೆ ಇರಲಿಕ್ಕೆ ಆ ಹುಡುಗಿಯೇನು ಟೀಚರಾ?