ಹಸಿ ಹಲಸಿನ ತೊಟ್ಟಿಲು

ಆದಿತ್ಯವಾರ ಒಂದು ದಿನವಾದರೂ ಮನುಷ್ಯ ಮನೆಯಲ್ಲಿ ಬಿದ್ದುಕೊಂಡಿರಬೇಕು. ನಾನಿರುತ್ತಿರಲಿಲ್ಲ. ವಾರವಿಡೀ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕುತ್ತಿಗೆ ಬಗ್ಗಿಸಿ ಬರೆದು, ರಜೆಯ ದಿನ ಬೋಳಾರದ ಹೊಳೆಬದಿಯ ಒಂದು ಶೆಡ್ಡಿಗೆ ಹೋಗಿ ಮರ ತಿರುಗಿಸಿ ಕಡೆಯುವ ಲೇತನ್ನು ಕಾಲಿನಲ್ಲಿ ತುಳಿಯುತ್ತಿದ್ದೆ. ಅದು ನಮ್ಮ ಕ್ಲಬ್ಬು. ಕ್ಲಬ್ಬು ಅಂದರೆ ದೊಡ್ಡದೆಂತದೂ ಅಲ್ಲ, ಮರ ಕಡೆಯುವ ಹುಚ್ಚು ಹಿಡಿದ ಮೂರು ಮಂದಿ. ಪೆನ್ಷನ್ ಆದ ಡ್ರಾಯಿಂಗ್ ಮಾಸ್ಟ್ರು ಹೂದಾನಿ ಕಡೆಯುತ್ತಿದ್ದರು, ಬಂದರಿನಲ್ಲಿ ಬಟ್ಟೆ ಅಂಗಡಿಯಿದ್ದ ಬ್ಯಾರಿ ಸಾಹುಕಾರರು ಊರುಗೋಲಿನ ಹಿಡಿ, ನಾನು ಬುಗುರಿ. "ಕೆಲಸ ಇಲ್ಲದ ಆಚಾರಿ ಮಗನ ಕುಂಡೆ ಕೆತ್ತಿದನಂತೆ" ಎಂದು ನನ್ನ ಹೆಂಡತಿ ವಾರವಾರವೂ ಹೇಳುವಳು. ನಾನು ಕೆಲಸ ಇಲ್ಲದವನಲ್ಲ, ಕೆಲಸ ಸಾಕಾಗಿಹೋದವನು. ಅವಳಿಗೆ ಯಾರು ಹೇಳುವುದು?

ಆ ವರ್ಷ ಮಗಳು ಎರಡನೆಯ ಹೆರಿಗೆಗೆ ಬಂದಳು. ಮೊದಲಿನ ಮಗು ಒಂದು ಮಧ್ಯಾಹ್ನ ತೊಟ್ಟಿಲಲ್ಲಿ ಮಲಗಿದಲ್ಲೇ ಹೋಗಿಬಿಟ್ಟಿತ್ತು. ಮಗಳು ಪಕ್ಕದ ಅಡಿಗೆಮನೆಯಲ್ಲೇ ಇದ್ದಳು, ಒಂದು ಸದ್ದೂ ಕೇಳಲಿಲ್ಲವಂತೆ. ಈ ಸಲ ಗಂಡು ಹುಟ್ಟಿತು, ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಇವಳು ಅದನ್ನು ಮಡಿಲಿನಿಂದ ಕೆಳಗಿಳಿಸಲಿಲ್ಲ. ಗೋಡೆಗೆ ಒರಗಿ, ಮಗುವಿನ ಎದೆಯ ಮೇಲೆ ಕೈಯಿಟ್ಟು ಕೂತೇ ಇರುತ್ತಿದ್ದಳು. ಕಣ್ಣಿನ ಸುತ್ತ ಮಸಿ ಬಳಿದ ಹಾಗಾಗಿತ್ತು. "ಹೀಗೇ ನಿದ್ದೆಗೆಟ್ಟರೆ ನಾವು ಮಗಳನ್ನೇ ಕಳಕೊಳ್ತೇವೆ" ಎಂದು ಹೆಂಡತಿ ಅತ್ತಳು. ನನಗೂ ಹೆದರಿಕೆಯಾಯಿತು.

ಹಳೆಯ ತೊಟ್ಟಿಲು ನೋಡಿದರೆ ಅವಳಿಗೆ ಸಂಕಟ, ಹೊಸದಾದರೆ ಮಲಗಿಸಿಯಾಳು ಎಂದು ನನಗೆ ಕಂಡಿತು. ಮೊದಲೇ ಮಾಡಿಡುವ ಹಾಗಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದೆಂದು ಹೆಂಡತಿ ತಡೆದಿದ್ದಳು. ಈಗ ಅವಸರ. ಒಣಗಿದ ಮರ ಶೆಡ್ಡಿನಲ್ಲಿರಲಿಲ್ಲ. ಕದ್ರಿಯಲ್ಲಿ ತಮ್ಮ ಮನೆಯ ಪಕ್ಕ ಆಗಷ್ಟೇ ಕಡಿದುರುಳಿಸಿದ ಹಲಸು ಉಂಟು ಎಂದು ಮಾಸ್ಟ್ರು ಹೇಳಿದರು. ಹಸಿ ಮರ ಕಡೆಯಬಾರದೆಂದು ನಮಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಹಸಿ ಮರಕ್ಕೆ ಉಳಿ ಇಟ್ಟರೆ ಸೌತೆಕಾಯಿಯ ಸಿಪ್ಪೆ ತೆಗೆದ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ, ಆ ಸುಖಕ್ಕೆ ನಾವೆಲ್ಲ ಮರುಳಾಗುವವರು. "ಎಂತ ಆಗ್ತದೆ ಮಾರಾಯ್ರೇ, ಎಣ್ಣೆ ಹಚ್ಚಿದರೆ ಸಾಕು" ಎಂದರು ಮಾಸ್ಟ್ರು. ತೊಟ್ಟಿಲ ಸುತ್ತ ನಿಲ್ಲಿಸುವ ಕಡ್ಡಿಗಳನ್ನು ಮೂವರೂ ಹಂಚಿಕೊಂಡು ಕಡೆದೆವು. ನನ್ನ ಮೊಣಕಾಲು ಬಾತುಹೋಯಿತು.

ಬಾಣಂತಿ ಕೋಣೆಯ ತೊಲೆಗೆ ತೊಟ್ಟಿಲು ತೂಗುಹಾಕಿದೆ. ಅವಳು ನೋಡಿದಳು, "ಚಂದ ಉಂಟು ಅಪ್ಪ" ಎಂದಳು. ಮಗುವನ್ನು ಮಲಗಿಸಲಿಲ್ಲ.

ಆಗಬೇಕಾದದ್ದೇ ಆಯಿತು. ಕೋಣೆಯಲ್ಲಿ ಹಗಲೂ ರಾತ್ರಿ ಅಗ್ಗಿಷ್ಟಿಕೆ, ಅದರ ಬಿಸಿಗೆ ಕಡ್ಡಿಗಳು ಒಣಗಿ ಕುಗ್ಗಿ ಚೌಕಟ್ಟಿನ ತೂತಿನಲ್ಲಿ ಸಡಿಲಾದವು. ತೊಟ್ಟಿಲು ಮುಟ್ಟಿದರೆ ಸಾಕು, ಗಲಗಲ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ. ನಾಚಿಕೆಯಿಂದ ಕ್ಲಬ್ಬಿನಲ್ಲಿ ಹೇಳಿದೆ. ಮುಂದಿನ ಆದಿತ್ಯವಾರ ಅಂಟು ಹಾಕಿ ಬಿಗಿ ಮಾಡುವುದೆಂದಾಯಿತು.

ಆ ವಾರದ ಮಧ್ಯೆ ಒಂದು ಸಂಜೆ ಆಫೀಸಿನಿಂದ ಬಂದು ಕೋಣೆಗೆ ಇಣುಕಿದರೆ ಮಗು ತೊಟ್ಟಿಲಲ್ಲಿ ಕಾಲು ಬಡಿಯುತ್ತಿತ್ತು. ಮಗಳು ಕೆಳಗೆ ಚಾಪೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದೆ ಬಂದೆ. ಮೀಯಲು ಹೋಗುವಾಗ ಒಮ್ಮೆ ಮಲಗಿಸಿದವಳು ಆಮೇಲೆ ದಿನಾ ಮಲಗಿಸುತ್ತಿದ್ದಾಳೆಂದು ಹೆಂಡತಿ ಹೇಳಿದಳು. ಯಾಕೆಂದು ಅವಳಿಗೂ ತಿಳಿದಿರಲಿಲ್ಲ.

ಆದಿತ್ಯವಾರ ಮಾಸ್ಟ್ರೂ ಸಾಹುಕಾರರೂ ಅಂಟಿನ ಡಬ್ಬಿ ಹಿಡಿದು ಬಂದರು. ತೊಟ್ಟಿಲನ್ನು ಜಗಲಿಗೆ ತರಲು ನಾನು ಒಳಗೆ ಹೋದರೆ ಮಗಳು ಅಡ್ಡ ನಿಂತಳು.

"ಬೇಡ ಅಪ್ಪ. ಬಿಗಿ ಮಾಡ್ಬೇಡಿ. ಅದು ಗಲಗಲ ಅಂದರೆ ಮಗು ಆಡ್ತಾ ಉಂಟು ಅಂತ ನಿದ್ದೆಯಲ್ಲೂ ಗೊತ್ತಾಗ್ತದೆ. ಸದ್ದು ನಿಂತರೆ ಎಚ್ಚರ ಆಗ್ತದೆ, ಎದ್ದು ನೋಡ್ತೇನೆ."

ಹೊರಗೆ ಬಂದು ಇಬ್ಬರಿಗೂ ಅದನ್ನೇ ಹೇಳಿದೆ. ಸಾಹುಕಾರರು ಡಬ್ಬಿಯನ್ನು ಬೆಂಚಿನ ಕೆಳಗೆ ಸರಿಸಿದರು. ಹೆಂಡತಿ ಕಾಫಿ ತಂದಿಟ್ಟಳು. ಮೂವರೂ ಜಗಲಿಯಲ್ಲಿ ಕೂತು ಅಕ್ಕಿ, ಸೀಮೆಎಣ್ಣೆ, ಅದೂ ಇದೂ ಮಾತಾಡಿದೆವು. ಒಳಗೆ ಸದ್ದು ನಿಂತಾಗೆಲ್ಲ ನಮ್ಮ ಮಾತೂ ನಿಲ್ಲುತ್ತಿತ್ತು.