ಇಸ್ತ್ರಿಯವನು ಯಾರ ಕಡೆ?

ನಾಲ್ಕು ಮಹಡಿಯ ಆ ಕಟ್ಟಡದ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಜಾಗದಲ್ಲಿ, ಇಸ್ತ್ರಿಯವನ ಅರ್ಧ ಸಂಸಾರವಿತ್ತು. ಒಂದು ಮೇಜು, ಅದರ ಮೇಲೆ ಮಡಚಿ ಹಾಸಿದ ಕಂಬಳಿ, ಗೋಡೆಯಲ್ಲೊಂದು ಪ್ಲಗ್ಗು, ಮೂಲೆಯ ಕೊಕ್ಕೆಗೆ ಕಟ್ಟಿದ ಜೋಲಿ. ಜೋಲಿಯಲ್ಲಿ ಎಂಟು ತಿಂಗಳ ಮಗಳು. ಬಿಸಿ ಬಟ್ಟೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಕೂಸಿಗೆ ಗಡದ್ದು ನಿದ್ದೆ; ಮನೆಯಲ್ಲಿ ಮಾತ್ರ ರಚ್ಚೆ. ಆ ಜಾಗ ಹೋದರೆ ಗಂಡನ ಕೆಲಸದ ಜೊತೆ ತನ್ನ ನೆಮ್ಮದಿಯೂ ಹೋಗುತ್ತದೆ ಎಂದು ಅವನ ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು.

ಇಸ್ತ್ರಿಯವನ ಕೈ ಬಲು ಚೊಕ್ಕ. ತೊಂದರೆಯೆಲ್ಲ ಬಾಯಿಯದು.

ಮೊದಲನೇ ಮಹಡಿಯ ನಿವೃತ್ತ ಹೆಡ್‌ಮಾಸ್ಟರು ಹಳೇ ಶಿಸ್ತಿನ ಪಕ್ಷ. ಮೂರನೇ ಮಹಡಿಯ ಲಾಯರಮ್ಮ ಹೊಸ ಗಾಳಿಯ ಪಕ್ಷ. ಕಟ್ಟಡದ ಕಮಿಟಿಯಲ್ಲಿ ಗೇಟಿನ ಬಲ್ಬು ಬದಲಿಸುವುದಕ್ಕೂ ಇವರಿಬ್ಬರ ನಡುವೆ ಯುದ್ಧವಾಗುತ್ತಿತ್ತು. ಇಸ್ತ್ರಿಯವನು ಬೆಳಿಗ್ಗೆ ಹೆಡ್‌ಮಾಸ್ಟರ ಪ್ಯಾಂಟಿಗೆ ಗೆರೆ ಎಳೆಯುತ್ತ, "ದೊಡ್ಡೋರು ಬಂದ್ರೆ ಮಕ್ಕಳು ಎದ್ದು ನಿಲ್ಲಲೇಬೇಕು ಸಾರ್. ಮದುವೆ ಆದ್ಮೇಲೆ ಬ್ರಷ್ಷು ಪೇಸ್ಟಿಗೆಲ್ಲ ಜಗಳ ಆಡಿ ಬಿಟ್ಟುಹೋಗೋದು ಏನು ಚೆಂದ?" ಅನ್ನುವನು. ಹೆಡ್‌ಮಾಸ್ಟರು, ಇವನು ನಮ್ಮವನು ಎಂದು ಬೀಗುತ್ತ ಮೆಟ್ಟಿಲು ಹತ್ತುವರು. ಅದೇ ಸಂಜೆ ಲಾಯರಮ್ಮನ ಕೋಟು ಮಡಚುತ್ತ, "ಹುಡುಗ ಹುಡುಗಿ ಒಪ್ಪಿದ್ರೆ ಆಯ್ತು ಮೇಡಂ, ಮನೆಯವರ ಅಪ್ಪಣೆ ಯಾಕೆ? ಗಲ್ಲುಶಿಕ್ಷೆ ಅಂತೂ ಬೇಡವೇ ಬೇಡ. ಶರ್ಟು ಸುಟ್ಟ ಮೇಲೆ ಸಾರಿ ಅಂದ್ರೆ ತೂತು ಮುಚ್ಚುತ್ತಾ?" ಅನ್ನುವನು. ಲಾಯರಮ್ಮನೂ ಬೀಗುವರು.

ಸುಳ್ಳು ಹೇಳಿ ಇಬ್ಬರನ್ನೂ ಮೆಚ್ಚಿಸುತ್ತಿದ್ದಾನೆಂದು ಯಾರಾದರೂ ತಿಳಿದಾರು. ಅದಾದರೂ ಆಗಿದ್ದರೆ ಹೆಂಡತಿಗೆ ಚಿಂತೆಯಿರುತ್ತಿರಲಿಲ್ಲ. ಅವನು ಅಷ್ಟನ್ನೂ ಮನಸಾರೆ ನಂಬಿದ್ದ.

ಜೊತೆಗೆ ಅವನಿಗೊಂದು ಖಯಾಲಿ. ಇಸ್ತ್ರಿಯಾದ ಬಟ್ಟೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟುವುದು ಅವನ ಪದ್ಧತಿ. ಯಾವ ಮನೆಗೆ ಯಾವ ಹಾಳೆ ಎಂದು ಆರಿಸಿ, ಹರಿದು, ಸುತ್ತುತ್ತಿದ್ದ. ಹೆಡ್‌ಮಾಸ್ಟರಿಗೆ ಲಾಯರಮ್ಮ ಮೆಚ್ಚುವಂಥ ಲೇಖನ. ಲಾಯರಮ್ಮನಿಗೆ ಹೆಡ್‌ಮಾಸ್ಟರು ಮೆಚ್ಚುವಂಥದ್ದು.

"ಅವರವರ ಮಾತನ್ನೇ ಅವರಿಗೆ ಓದಿಸಿದ್ರೆ ಏನು ಬಂತು ಭಾಗ್ಯ?" ಎನ್ನುತ್ತಿದ್ದ.

"ನಿಮಗ್ಯಾಕ್ರೀ ಊರ ಉಸಾಬರಿ? ಸುತ್ತಿ ಕೊಡಿ ಸಾಕು," ಎಂದು ಅವಳು ಬೈಯುತ್ತಿದ್ದಳು.

ಗುಟ್ಟು ಮೆಟ್ಟಿಲ ಮೇಲೆಯೇ ರಟ್ಟಾಯಿತು. "ನಿಮ್ಮ ಪ್ರಚಾರಾನ ನನ್ನ ಪ್ಯಾಂಟಿಗೆ ಸುತ್ತಿ ಕಳಿಸ್ತೀರಲ್ಲಮ್ಮಾ, ನಾಚಿಕೆ ಆಗಲ್ವಾ?" ಎಂದು ಹೆಡ್‌ಮಾಸ್ಟರು ಒಂದು ದಿನ ಲಾಯರಮ್ಮನಿಗೆ ಅಡ್ಡ ನಿಂತರು.

"ನಾನಾ? ನನ್ನ ಕೋಟು ಬಿಚ್ಚಿದ್ರೆ ನಿಮ್ಮ ಉಪದೇಶ ಉದುರುತ್ತೆ ಸಾರ್!"

ಇಬ್ಬರೂ ಒಟ್ಟಿಗೆ ಬಗ್ಗಿ ಮೆಟ್ಟಿಲ ಕೆಳಗೆ ನೋಡಿದರು. ಇಸ್ತ್ರಿಯವನು ನಕ್ಕು ನಮಸ್ಕಾರ ಹಾಕಿದ.

ಭಾನುವಾರ ಕಮಿಟಿ ಸೇರಿತು. ಮೆಟ್ಟಿಲ ಕೆಳಗೆ ಸೈಕಲ್ ಸ್ಟ್ಯಾಂಡ್ ಮಾಡುವ ಪ್ರಸ್ತಾಪಕ್ಕೆ, ಕಟ್ಟಡದ ಇತಿಹಾಸದಲ್ಲೇ ಮೊದಲ ಸಲ, ಎರಡೂ ಪಕ್ಷಗಳು ಒಂದಾಗಿದ್ದವು. ಕೂಸನ್ನು ಸೊಂಟಕ್ಕೇರಿಸಿಕೊಂಡು ಹೆಂಡತಿ ಬಾಗಿಲಲ್ಲಿ ನಿಂತಳು. 'ರಾಜಕೀಯ ನಂಗೆ ತಿಳಿಯಲ್ಲ ಸಾರ್' ಅನ್ನಬೇಕು, ಅಷ್ಟೇ ಎಂದು ಗಂಡನಿಗೆ ಬೆಳಗಿನಿಂದ ಬಾಯಿಪಾಠ ಮಾಡಿಸಿದ್ದಳು.

"ನೀನು ಯಾರ ಕಡೆಯೋನು? ಒಂದೇ ಮಾತಲ್ಲಿ ಹೇಳು," ಎಂದರು ಹೆಡ್‌ಮಾಸ್ಟರು.

"ರಾಜಕೀಯ ನಂಗೆ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟ. "ಸುಳ್ಳು ಯಾಕೆ ಹೇಳಲಿ ಸಾರ್, ತಿಳಿಯುತ್ತೆ. ಆಸ್ಪತ್ರೇನ ಸರ್ಕಾರ ಪುಕ್ಕಟೆ ನಡೆಸಬೇಕು. ಆದ್ರೆ ನಾನು ಎಷ್ಟು ಹೊತ್ತಿಗೆ ಇಸ್ತ್ರಿ ಹಚ್ಚಬೇಕು ಅಂತ ಸರ್ಕಾರ ಹೇಳಕೂಡದು. ಇದು ಯಾವ ಕಡೆ ಅಂತ ನೀವೇ ಹೇಳಿ."

ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. ಅಮ್ಮನ ಆಟವೆಂದು ಕೂಸು ಕೇಕೆ ಹಾಕಿತು.

ಹೆಡ್‌ಮಾಸ್ಟರು ಸಾಕ್ಷಿಗೆಂದು ತೆಗೆದಿಟ್ಟಿದ್ದ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದರು. "ಕೇಳಿ, ಎಂಥಾ ವಿಷ ಕಾರಿದ್ದಾನೆ," ಎಂದು ಒಂದನ್ನು ಎತ್ತಿ ಓದತೊಡಗಿದರು. ಹೆಂಗಸರ ದುಡಿಮೆಯ ಬಗೆಗಿನ ಲೇಖನ. ಓದುತ್ತ ಓದುತ್ತ ದನಿಯಲ್ಲಿದ್ದ ಕೋಪ ಕರಗಿ, ಪಾಠ ಮಾಡುವ ರಾಗ ಬಂತು. "ಆದರೆ ಇದಕ್ಕೆಲ್ಲ ನಿಜವಾದ ಕಾರಣ ಏನೆಂದರೆ..." ಎಂದು ಗಕ್ಕನೆ ನಿಂತರು. ಕೆಳಗೆ 'ಏಳನೇ ಪುಟಕ್ಕೆ' ಎಂದಿತ್ತು.

"ಏನಂತೆ ಕಾರಣ?" ಯಾರೋ ಕೇಳಿದರು.

"ಎರಡು ತಿಂಗಳಿಂದ ಅದನ್ನೇ ಹುಡುಕ್ತಾ ಇದೀನಿ ಕಣ್ರೀ!" ಎಂದು ಹೆಡ್‌ಮಾಸ್ಟರು ಇಸ್ತ್ರಿಯವನತ್ತ ತಿರುಗಿದರು. "ಏಳನೇ ಪುಟ ಎಲ್ಲೋ?"

ಇಸ್ತ್ರಿಯವನು ತಲೆ ಕೆರೆದುಕೊಂಡ. "ಅದರ ಹಿಂದುಗಡೆ ಲಾಯರಮ್ಮ ಓದಬೇಕಾದ ಶಿಸ್ತಿನ ಲೇಖನ ಇತ್ತು ಸಾರ್. ಅವರ ಕೋಟಿಗೆ ಹೋಯ್ತು."

ಲಾಯರಮ್ಮ ಮೆಲ್ಲಗೆ ತಮ್ಮ ಕಟ್ಟು ಬಿಚ್ಚಿದರು. ಸಾಕ್ಷಿಯನ್ನು ಅವರೂ ಜೋಪಾನವಾಗಿ ಇಟ್ಟಿದ್ದರು. "ಇಲ್ಲಿದೆ. ಕೊಡ್ತೀನಿ. ಆದ್ರೆ ಮಕ್ಕಳ ಶಿಸ್ತಿನ ಲೇಖನದ ಕೊನೇ ಭಾಗ ನಿಮ್ಮ ಹತ್ರ ಇರಬೇಕು, ಅದು ಮೊದಲು."

ಅರ್ಧ ಗಂಟೆ ಇಬ್ಬರೂ ಒಂದೇ ಬೆಂಚಿನಲ್ಲಿ ಹಾಳೆ ಜೋಡಿಸುತ್ತ, ಪ್ರತಿ ಸಾಲಿಗೂ ಕಿತ್ತಾಡುತ್ತ ಕೂತರು. ಸೈಕಲ್ ಸ್ಟ್ಯಾಂಡಿನ ಮಾತೆತ್ತಿದವನಿಗೆ ಇಬ್ಬರೂ ಒಟ್ಟಿಗೆ, "ಸ್ವಲ್ಪ ಸುಮ್ನಿರಪ್ಪಾ!" ಎಂದರು. ಕಡೆಗೆ ತೀರ್ಮಾನವಾಯಿತು: ಇಸ್ತ್ರಿಯವನು ಇರಬಹುದು, ಆದರೆ ಇನ್ನು ಮೇಲೆ ಏನೂ ಅಚ್ಚಾಗದ ಖಾಲಿ ಹಾಳೆಯಲ್ಲೇ ಬಟ್ಟೆ ಸುತ್ತಬೇಕು.

ಖಾಲಿ ಹಾಳೆಯ ಆಳ್ವಿಕೆ ಬುಧವಾರದವರೆಗೆ ನಡೆಯಿತು. ಅಂದು ಇಸ್ತ್ರಿಯವನು ಬಟ್ಟೆ ತಲುಪಿಸಲು ಹೋಗಿ, ಮೇಜಿನ ಬಳಿ ಹೆಂಡತಿಯೊಬ್ಬಳೇ ಇದ್ದಾಗ ಹೆಡ್‌ಮಾಸ್ಟರು ಕಂಕುಳಲ್ಲಿ ಪೇಪರಿನ ಕಟ್ಟು ಸಿಕ್ಕಿಸಿಕೊಂಡು ಇಳಿದು ಬಂದರು. ಅತ್ತ ಇತ್ತ ನೋಡಿ, "ತಾಯಿ, ಇದನ್ನ ಲಾಯರಮ್ಮನ ಬಟ್ಟೆಗೆ ಸುತ್ತು. ಏಳನೇ ಪುಟಾನೂ ಒಳಗೇ ಇದೆ. ನಾನು ಕೊಟ್ಟೆ ಅಂತ ಹೇಳಬೇಡ," ಎಂದರು.

"ಆಗಲಿ ಸಾರ್," ಎಂದು ಅವಳು ಕಟ್ಟನ್ನು ತೆಗೆದುಕೊಂಡು ಮೇಜಿನ ಕೆಳಗಿಟ್ಟಳು. ಹೆಡ್‌ಮಾಸ್ಟರ ಬಟ್ಟೆಗೆಂದು ಲಾಯರಮ್ಮ ಬೆಳಿಗ್ಗೆಯೇ ತಂದುಕೊಟ್ಟಿದ್ದ ಕಟ್ಟು ಅಲ್ಲಿತ್ತು. ಎರಡೂ ಸೇರಿದರೆ ಮೂರು ತಿಂಗಳು ಪೇಪರಿನ ಯೋಚನೆಯಿಲ್ಲ ಎಂದು ಲೆಕ್ಕ ಹಾಕಿ, ಬಹಳ ದಿನಗಳಿಂದ ಸಡಿಲವಾಗಿದ್ದ ಜೋಲಿಯ ಕೊಕ್ಕೆಯನ್ನು ಗೋಡೆಗೆ ಬಿಗಿಯಾಗಿ ಹೊಡೆದಳು. ಆ ಸದ್ದಿಗೂ ಕೂಸು ಏಳಲಿಲ್ಲ.