ಮೊಮ್ಮಗಳು ಬಿಟ್ಟುಬಂದ ಬೀಗ

ನನ್ನ ಮಗಳ ಮಗಳನ್ನು ಓಣಿಯವರೆಲ್ಲ ಬೆಂಕಿಪೊಟ್ಟಣ ಎನ್ನುತ್ತಾರೆ. ಆಳು ಗಿಡ್ಡ, ಕೆಣಕಿದರೆ ಹತ್ತಿಕೊಳ್ಳುತ್ತಾಳೆ. ತಾಯಿ ಹೋದ ಮೇಲೆ ನನ್ನ ಸೆರಗು ಹಿಡಿದು ಬೆಳೆದವಳು. ಬಟ್ಟೆ ಅಂಗಡಿಯಲ್ಲಿ ಥಾನು ಮಡಚುತ್ತಿದ್ದವಳು ಒಂದು ದಿನ ಬಂದು, ಬಡವರ ಮಕ್ಕಳಿಗೆ ಕರೆಂಟಿನ ಕೆಲಸ ಪುಕ್ಕಟೆ ಕಲಿಸುತ್ತಾರೆ, ಸೇರಿಕೊಂಡೆ ಎಂದಳು. ನನ್ನನ್ನು ಕೇಳಿದ್ದಲ್ಲ, ಹೇಳಿದ್ದು.

"ಹೆಣ್ಮಕ್ಕಳು ಮಾಡೋ ಕೆಲಸವೇನೇ ಅದು?"

"ಕರೆಂಟಿಗೆ ಗಂಡು ಹೆಣ್ಣು ಗೊತ್ತಾಗಲ್ಲ ಅಜ್ಜಿ. ಮುಟ್ಟಿದವರನ್ನೆಲ್ಲ ಒಂದೇ ಥರ ಮಾತಾಡ್ಸುತ್ತೆ."

ಅಂದಿನಿಂದ ನನ್ನ ಜೀವ ಅಂಗೈಯಲ್ಲಿ. ಸಂಜೆ ಅವಳ ಬೂಟಿನ ಸದ್ದು ಮೆಟ್ಟಿಲ ಮೇಲೆ ಕೇಳುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದೆ. ಅವಳು ಸಮಾಧಾನ ಹೇಳುತ್ತಿದ್ದಳು. ಯಂತ್ರಕ್ಕೆ ಕೈ ಹಾಕುವ ಮುಂಚೆ ಕರೆಂಟು ತೆಗೆದು, ಸ್ವಿಚ್ಚಿಗೆ ಒಬ್ಬೊಬ್ಬರೂ ತಮ್ಮ ಬೀಗ ಹಾಕಬೇಕು. ಕೀಲಿ ಅವರವರ ಜೇಬಿನಲ್ಲಿ. ಹೊರಗೆ ಬಂದವರು ತಾವೇ ತೆಗೆಯಬೇಕು. ಒಂದು ಬೀಗ ಉಳಿದರೂ ಒಳಗೆ ಒಬ್ಬರಿದ್ದಾರೆ ಎಂದೇ ಲೆಕ್ಕ.

ಕಲಿಕೆ ಮುಗಿಯುತ್ತ ಬಂದಿತ್ತು, ಮರುದಿನ ಕೊನೆಯ ಪರೀಕ್ಷೆ. ಪಾಸಾದವರಿಗೆ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಆ ಸಂಜೆ ಬಂದವಳು ಪ್ಯಾಂಟು ಒಗೆಯಲೆಂದು ಜೇಬು ತಡವಿದಳು. ಮುಖ ಸುಣ್ಣ ಬಳಿದಂತಾಯಿತು.

"ಅಜ್ಜಿ, ಕೀಲಿ ಇಲ್ಲಿದೆ. ನನ್ನ ಬೀಗ ಅಲ್ಲೇ ಉಳೀತು. ಮರೆತವರನ್ನ ಮೇಷ್ಟ್ರು ಪರೀಕ್ಷೆಗೆ ಕೂರ್ಸಲ್ಲ."

"ಕೀಲಿ ಎಲ್ಲೋ ಬಿದ್ದೋಯ್ತು ಅನ್ನು. ಯಾರಿಗೆ ಗೊತ್ತಾಗುತ್ತೆ?"

"ಬಿದ್ದಿದ್ರೆ ಅಲ್ಲೇ ಮೇಷ್ಟ್ರಿಗೆ ಹೇಳಿ ಬರ್ತಿದ್ದೆ ಅಲ್ವಾ?"

ಫೋನಿನಲ್ಲಿ ಚಾರ್ಜು ಇರಲಿಲ್ಲ. ಅವಳು ಆಗಲೇ ಹೊಸ್ತಿಲು ದಾಟಿದ್ದಳು. ನಾನೂ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದೆ. ಬಸ್ಸಿನಲ್ಲಿ ನೋಡಿಕೊಂಡರೆ ಎರಡೂ ಎಡಗಾಲಿನವು.

ಬೀಗ ಇನ್ನೂ ಮೇನ್ ಸ್ವಿಚ್ಚಿನ ಮೇಲಿದ್ದರಿಂದ ಕಲಿಯುವ ಶೆಡ್ಡು ಪೂರ್ತಿ ಕತ್ತಲು. ಯಂತ್ರಗಳ ಸಂದಿಯಲ್ಲಿ ಟಾರ್ಚುಗಳು ಓಡಾಡುತ್ತಿದ್ದವು, ಜೊತೆಯವರು ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಮೇಷ್ಟ್ರು ಸ್ವಿಚ್ಚಿನ ಪೆಟ್ಟಿಗೆಗೆ ಅಡ್ಡಲಾಗಿ ಸ್ಟೂಲಿನ ಮೇಲೆ ಕೂತಿದ್ದರು. ಕಾವಲುಗಾರ ಕಟರ್ ಹಿಡಿದು ನಿಂತಿದ್ದ.

"ಕತ್ತರಿಸಿಬಿಡೋಣ ಸಾರ್. ಮನೆಗೆ ಹೋಗಿರ್ತಾಳೆ."

"ಹುಡುಗಿ ಕಣ್ಣಿಗೆ ಬೀಳೋವರೆಗೂ ಬೀಗ ಮುಟ್ಟಬೇಡ."

ಇವಳನ್ನು ಕಂಡದ್ದೇ ಎದ್ದರು, ಮತ್ತೆ ಕೂತರು.

"ಎಲ್ಲಿಗೆ ಹೋಗಿದ್ಯಮ್ಮ?"

"ಮನೆಗೆ. ಬೀಗ ಮರೆತೆ ಮೇಷ್ಟ್ರೇ."

ಅವರು ಸ್ಟೂಲು ಪಕ್ಕಕ್ಕೆಳೆದರು. ಆಮೇಲೆ "ತೆಗಿ" ಎಂದರು. ಕತ್ತಲಲ್ಲಿ ಕೀಲಿ ತೂತಿಗೆ ಹೋಗಲೊಲ್ಲದು. ಯಾರೂ ನೆರವಿಗೆ ಬರಲಿಲ್ಲ. ಕೊನೆಗೂ ಬೀಗ ಬಿಟ್ಟುಕೊಂಡಿತು, ಮೇಷ್ಟ್ರು ಸ್ವಿಚ್ಚು ಹಾಕಿದರು, ದೀಪ ಬಂತು.

ನಾನು ತಡೆಯಲಾರದೆ ಬಾಯಿ ಹಾಕಿದೆ. "ಮಗು ತಾನಾಗೇ ಓಡಿ ಬಂದಿದೆ ಸ್ವಾಮಿ. ನಾಳೆ ಪರೀಕ್ಷೆ..."

"ಬಂದಿದ್ದಕ್ಕೇ ಹೊರಗೆ ಹಾಕಿಲ್ಲ ಅಮ್ಮ. ಪರೀಕ್ಷೆ ಈ ಸಲ ಬೇಡ. ಮುಂದಿನ ತಂಡದ ಜೊತೆ ಮೊದಲಿಂದ ಕಲೀಲಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡೆ. ಇವಳು ರೇಗುತ್ತಾಳೆಂದು ಕಾದೆ. "ಸರಿ ಮೇಷ್ಟ್ರೇ" ಎಂದಳು, ಅಷ್ಟೇ.

ವಾಪಸು ಬರುವಾಗ ಬಸ್ಸಿನ ಕಂಬಿ ಹಿಡಿದು ನಿಂತವಳು ನನ್ನ ಕಿವಿಗೆ ಬಗ್ಗಿದಳು. "ಅವರು ನನ್ನ ಹೆಣ ಹುಡುಕ್ತಿದ್ರು ಅಜ್ಜಿ."

ಈಗ ಮುಂದಿನ ತಂಡದವರ ಜೊತೆ ಹೋಗುತ್ತಿದ್ದಾಳೆ. ನನಗೂ ಬಾಗಿಲಲ್ಲಿ ನಿಂತು ಕಾಯುವುದು ಮೊದಲಿನಿಂದ ಶುರುವಾಗಿದೆ.